ಅಂಡಾಶಯದ ಗುಳ್ಳೆಗಳು: ಅಂಗಮರ್ದನ ಮತ್ತು ಆಹಾರ — ಒಂದು ವಿವೇಚನೆ

ಇಂದಿನ ತರುಣಿಯರಲ್ಲಿ ಪದೇ ಪದೇ ಕೇಳಿಬರುವ ವ್ಯಾಧಿಗಳಲ್ಲಿ ‘ಪಾಲಿಸಿಸ್ಟಿಕ್ ಓವರಿ ಸಿಂಡ್ರೋಮ್’ ಒಂದು. ಜನರ ಬಾಯಲ್ಲಿ ಇದು ಪಿ.ಸಿ.ಓ.ಡಿ. ಎಂದೇ ರೂಢಿಗೆ ಬಂದಿದೆ. ಮುಟ್ಟು ತಿಂಗಳುಗಟ್ಟಲೆ ತಪ್ಪುವುದು, ಮುಖದ ಮೇಲೆ ಗಂಡಸರಲ್ಲಿರುವಂತೆ ಕೂದಲು ಮೂಡುವುದು, ಮೊಡವೆ, ಗರ್ಭಧಾರಣೆಗೆ ತೊಡಕು ಇವು ಇದರ ಮುಖ್ಯ ಲಕ್ಷಣಗಳು. ಸಂತಾನೋತ್ಪತ್ತಿಯ ವಯಸ್ಸಿನ ಸ್ತ್ರೀಯರಲ್ಲಿ ನೂರಕ್ಕೆ 6ರಿಂದ 13 ಮಂದಿಗೆ ಈ ವ್ಯಾಧಿಯುಂಟೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಇದಕ್ಕೆ ಒಳಗಾದವರಲ್ಲಿ ಹಲವರು ವೈದ್ಯರ ಬಳಿಗೆ ಹೋಗುವ ಮೊದಲೇ ಅಂಗಮರ್ದನದವರನ್ನೋ ಪಥ್ಯದ ಉಪದೇಶಕರನ್ನೋ ಆಶ್ರಯಿಸುವುದುಂಟು. ಈ ಎರಡು ಮಾರ್ಗಗಳನ್ನು ಒಂದೇ ತಕ್ಕಡಿಯಲ್ಲಿ ತೂಗಲಾಗದು. ಏಕೆಂಬುದನ್ನು ತಿಳಿಯಬೇಕಾದರೆ ವ್ಯಾಧಿಯ ಮೂಲ ಎಲ್ಲಿದೆಯೆಂಬುದನ್ನು ಮೊದಲು ನೋಡಬೇಕು.

1721ರಷ್ಟು ಹಿಂದೆಯೇ ಇಟಲಿಯ ಆಂಟೋನಿಯೊ ವಲ್ಲಿಸ್ನೇರಿ ಎಂಬ ವೈದ್ಯನು, ತುಸು ಸ್ಥೂಲಕಾಯಳೂ ಮಕ್ಕಳಿಲ್ಲದವಳೂ ಆದ ಒಬ್ಬ ಗ್ರಾಮೀಣ ಸ್ತ್ರೀಯ ಅಂಡಾಶಯಗಳು ದೊಡ್ಡದಾಗಿ, ಪಾರಿವಾಳದ ಮೊಟ್ಟೆಗಳಂತೆ ಬೆಳ್ಳಗೆ ಹೊಳೆಯುತ್ತಿದ್ದುದನ್ನು ಬರೆದಿಟ್ಟನು. ವ್ಯಾಧಿಯ ವ್ಯವಸ್ಥಿತ ನಿರೂಪಣೆ ದೊರೆತದ್ದು 1935ರಲ್ಲಿ. ಷಿಕಾಗೋ ನಗರದ ಸ್ಟೈನ್ ಮತ್ತು ಲೆವೆಂತಾಲ್ ಎಂಬ ವೈದ್ಯರು ಏಳು ಮಂದಿ ಸ್ತ್ರೀಯರ ವೃತ್ತಾಂತವನ್ನು ಪ್ರಕಟಿಸಿದರು. ಅಂಡಾಶಯಗಳ ಒಂದೊಂದು ಭಾಗವನ್ನು ಕತ್ತರಿಸಿ ತೆಗೆದ ಮೇಲೆ ಆ ಏಳು ಮಂದಿಗೂ ಋತುಸ್ರಾವ ಮರಳಿತು, ಇಬ್ಬರು ಗರ್ಭಿಣಿಯರಾದರು. ಗುಳ್ಳೆಗಳೇ ರೋಗ, ಅವನ್ನು ತೆಗೆದರೆ ಗುಣ ಎಂಬ ಭಾವನೆ ಬಲವಾಗಿ ಬೇರೂರಲು ಇಂಥ ಫಲಿತಾಂಶಗಳು ಕಾರಣವಾದುವು.

ಆದರೆ ಇಲ್ಲಿ ಹೆಸರೇ ನಮ್ಮನ್ನು ದಾರಿ ತಪ್ಪಿಸುತ್ತದೆ. ಯಂತ್ರದ ಪರದೆಯ ಮೇಲೆ ಕಾಣುವ ಆ ಗುಳ್ಳೆಗಳು ನಿಜವಾದ ಗಂಟುಗಳಲ್ಲ. ಪ್ರತಿಯೊಂದೂ ಒಂದು ಅಂಡಾಣುವನ್ನು ಒಳಗಿಟ್ಟುಕೊಂಡು, 2ರಿಂದ 9 ಮಿಲಿಮೀಟರಿನವರೆಗೆ ಬೆಳೆದು, ಪಕ್ವವಾಗದೆ ಅರ್ಧದಲ್ಲೇ ನಿಂತ ಸಹಜವಾದ ಕಿರುಚೀಲ. ಅವುಗಳ ಬೆಳವಣಿಗೆ ನಿಂತದ್ದಕ್ಕೆ ಹೊರಗಿನ ಅಡ್ಡಿಯಾವುದೂ ಕಾರಣವಲ್ಲ. ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಿಂದ ಬರುವ ಹಾರ್ಮೋನುಗಳ ಸಮತೋಲ ಕೆಟ್ಟು, ಅಂಡಾಶಯವು ಪುರುಷ ಹಾರ್ಮೋನುಗಳನ್ನು ಅತಿಯಾಗಿ ತಯಾರಿಸುತ್ತದೆ. ಇದಕ್ಕೆ ಇನ್ಸುಲಿನ್ ಕೂಡಿಕೊಳ್ಳುತ್ತದೆ. ದೇಹದ ಮಾಂಸಖಂಡಗಳು ಇನ್ಸುಲಿನ್ನಿನ ಆಜ್ಞೆಗೆ ಸರಿಯಾಗಿ ಓಗೊಡದಿದ್ದಾಗ ಮೇದೋಜೀರಕ ಗ್ರಂಥಿಯು ಅದನ್ನು ಇನ್ನಷ್ಟು ಸುರಿಸುತ್ತದೆ. ಹೀಗೆ ಹೆಚ್ಚಿದ ಇನ್ಸುಲಿನ್ ಅಂಡಾಶಯವನ್ನು ಮತ್ತಷ್ಟು ಪ್ರಚೋದಿಸುವುದಲ್ಲದೆ, ರಕ್ತದಲ್ಲಿ ಪುರುಷ ಹಾರ್ಮೋನನ್ನು ಹಿಡಿದಿಡುವ ಒಂದು ಪ್ರೋಟೀನನ್ನು ಯಕೃತ್ತು ಉತ್ಪಾದಿಸದಂತೆ ತಡೆಯುತ್ತದೆ. ಸ್ಟೈನ್ ಮತ್ತು ಲೆವೆಂತಾಲರ ಶಸ್ತ್ರಕ್ರಿಯೆ ಫಲಿಸಿದ್ದು ಗುಳ್ಳೆ ಹೋಯಿತೆಂದಲ್ಲ, ಹಾರ್ಮೋನು ತಯಾರಿಸುವ ಊತಕವೇ ಕಡಿಮೆಯಾಯಿತೆಂದು. ಪ್ರಾಸಂಗಿಕವಾಗಿ ಒಂದು ಮಾತು: ಮೊದಲ ಮುಟ್ಟಿನಿಂದ ಎಂಟು ವರ್ಷ ಕಳೆಯುವವರೆಗೆ ಅಂಡಾಶಯದ ಚಿತ್ರವನ್ನು ನೋಡಿ ಈ ರೋಗವನ್ನು ನಿರ್ಣಯಿಸಬಾರದೆಂದು ತಜ್ಞರ ಅಂತರರಾಷ್ಟ್ರೀಯ ಮಾರ್ಗದರ್ಶಿ ಹೇಳುತ್ತದೆ. ಆ ವಯಸ್ಸಿನಲ್ಲಿ ಆರೋಗ್ಯವಂತರಲ್ಲೂ ಕಿರುಚೀಲಗಳು ಬಹಳವಾಗಿರುತ್ತವೆ. ಕಾಲೇಜಿನ ಎಷ್ಟೋ ಹುಡುಗಿಯರು ಒಂದು ಚಿತ್ರದಿಂದಲೇ ರೋಗಿಗಳೆನಿಸಿಕೊಳ್ಳುತ್ತಿರುವುದು ಉಚಿತವಲ್ಲ.

ಈಗ ಕೈಯ ಚಿಕಿತ್ಸೆಗೆ ಬರೋಣ. ಬಾಣಂತಿಗೆ ಎಣ್ಣೆಯೊತ್ತಿ ನೀರೆರೆಯುವ ನಾಡಿನಲ್ಲಿ ಹಸ್ತಸ್ಪರ್ಶದ ಗುಣವನ್ನು ಯಾರಿಗೂ ಬೋಧಿಸಬೇಕಾಗಿಲ್ಲ. ಪ್ರಶ್ನೆ ಇರುವುದು ಕಿಬ್ಬೊಟ್ಟೆಯನ್ನು ಒತ್ತಿ ಅಂಡಾಣುವನ್ನು ಬಿಡುಗಡೆ ಮಾಡಿಸಬಹುದೇ ಎಂಬುದರಲ್ಲಿ. ಇದರ ಪರವಾಗಿ ಉಲ್ಲೇಖಿತವಾಗುವ ಬರಹವೊಂದು 2015ರಲ್ಲಿ ಅಮೆರಿಕದಿಂದ ಪ್ರಕಟವಾಯಿತು. ಹತ್ತು ವರ್ಷಗಳ ದಾಖಲೆಗಳನ್ನು ತೆಗೆದು ನೋಡಿದಾಗ, ಕೈಯಿಂದ ಚಿಕಿತ್ಸೆ ಪಡೆದ ಈ ವ್ಯಾಧಿಯ 28 ಸ್ತ್ರೀಯರಲ್ಲಿ 15 ಮಂದಿ ಗರ್ಭಿಣಿಯರಾಗಿದ್ದರು. ಅರ್ಧಕ್ಕಿಂತ ಹೆಚ್ಚು! ಆದರೆ ಚಿಕಿತ್ಸೆ ಪಡೆಯದ ಮತ್ತೊಂದು ಗುಂಪನ್ನು ಹೋಲಿಕೆಗೆ ಇಟ್ಟುಕೊಂಡಿರಲಿಲ್ಲ. ಚಿಕಿತ್ಸೆ ನೀಡಿದ ಕಡೆಯವರೇ ಲೆಕ್ಕ ಹಾಕಿದವರಲ್ಲೂ ಇದ್ದರು. ಈ ವ್ಯಾಧಿಯಲ್ಲಿ ಅಂಡಾಣು ಒಮ್ಮೊಮ್ಮೆ ತಾನಾಗಿಯೇ ಬಿಡುಗಡೆಯಾಗುತ್ತದೆ, ಮುಟ್ಟು ತಪ್ಪಿ ಮತ್ತೆ ಬರುತ್ತದೆ. ಆ ಮುನ್ನ ಏನು ಮಾಡಿದ್ದರೂ ಕೀರ್ತಿ ಅದಕ್ಕೇ ಸಲ್ಲುತ್ತದೆ.

ಹೋಲಿಕೆ ಎಷ್ಟು ಮುಖ್ಯವೆಂಬುದಕ್ಕೆ ಚೀನಾದ ಸೂಜಿಚಿಕಿತ್ಸೆಯ ಪ್ರಯೋಗ ನಿದರ್ಶನ. ಅಂಗಮರ್ದನದಂತೆಯೇ ಅದೂ ಹೊರಗಿನಿಂದ ದೇಹವನ್ನು ಮುಟ್ಟುವ ಕ್ರಮ. 2017ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ ಇದೇ ವ್ಯಾಧಿಯ 1,000 ಸ್ತ್ರೀಯರನ್ನು ನಾಲ್ಕು ಗುಂಪು ಮಾಡಲಾಗಿತ್ತು. ಅಂಡಾಣು ಬಿಡುಗಡೆಗೆ ಕೊಡುವ ಕ್ಲೋಮಿಫೀನ್ ಗುಳಿಗೆಯೊಡನೆ ನಿಜವಾದ ಸೂಜಿಚಿಕಿತ್ಸೆ ಪಡೆದವರಲ್ಲಿ ಸೇಕಡ 29.4 ಮಂದಿಗೆ, ಗುಳಿಗೆಯೊಡನೆ ತೋರಿಕೆಯ ಸೂಜಿ ಪಡೆದವರಲ್ಲಿ ಸೇಕಡ 28 ಮಂದಿಗೆ ಮಕ್ಕಳಾದುವು. ಗುಳಿಗೆಯಿಲ್ಲದ ಎರಡು ಗುಂಪುಗಳಲ್ಲಿ ಈ ಪ್ರಮಾಣ ಕ್ರಮವಾಗಿ 13.9 ಮತ್ತು 16.8. ಕೆಲಸ ಮಾಡಿದ್ದು ಗುಳಿಗೆ, ಸೂಜಿಯಲ್ಲ. ತೋರಿಕೆಯ ಗುಂಪು ಇಲ್ಲದೆ ಹೋಗಿದ್ದರೆ ಇದು ತಿಳಿಯುತ್ತಲೇ ಇರಲಿಲ್ಲ.

ಆಹಾರದ ಸಂಗತಿ ಬೇರೆ. ಅದು ಇನ್ಸುಲಿನ್ನಿನ ಮೂಲಕ ವ್ಯಾಧಿಯ ಬೇರನ್ನೇ ಮುಟ್ಟುತ್ತದೆ. 1995ರಲ್ಲಿ ಆಸ್ಟ್ರೇಲಿಯದ ಅಡಿಲೇಡ್ ನಗರದ ವೈದ್ಯರು, ಅಂಡಾಣು ಬಿಡುಗಡೆಯಾಗದ ಸ್ಥೂಲಕಾಯದ ಸ್ತ್ರೀಯರಿಗೆ ಆಹಾರ ಮತ್ತು ವ್ಯಾಯಾಮದ ಶಿಕ್ಷಣವನ್ನು ಆರು ತಿಂಗಳು ಕೊಟ್ಟರು. ಪೂರ್ಣಗೊಳಿಸಿದ 13 ಮಂದಿ ಸರಾಸರಿ 6.3 ಕಿಲೋಗ್ರಾಂ ತೂಕ ಇಳಿಸಿದರು. 12 ಮಂದಿಯಲ್ಲಿ ಅಂಡಾಣು ಬಿಡುಗಡೆ ಮರಳಿತು. ನಡುವೆ ಬಿಟ್ಟುಹೋದವರಲ್ಲಿ ಅಂಥ ಬದಲಾವಣೆ ಕಾಣಲಿಲ್ಲ. ಇದೂ ಚಿಕ್ಕ ಗುಂಪೇ, ನಿಜ. ಆದರೆ 1998ರಲ್ಲಿ ಅದೇ ತಂಡವು 67 ಮಂದಿಯಲ್ಲಿ ನಡೆಸಿದ ಅಧ್ಯಯನದಲ್ಲಿ 60 ಮಂದಿಗೆ ಇದೇ ಫಲ ದೊರೆಯಿತು. ಅಷ್ಟು ತೂಕ ಇಳಿಸಿದರೂ ಅವರಲ್ಲಿ ಹೆಚ್ಚಿನವರು ಸ್ಥೂಲಕಾಯರಾಗಿಯೇ ಉಳಿದಿದ್ದರು.

ಯಾವ ಪಥ್ಯ ಶ್ರೇಷ್ಠ? 2023ರ ಅಂತರರಾಷ್ಟ್ರೀಯ ಮಾರ್ಗದರ್ಶಿಯ ಪ್ರಕಾರ ಒಂದು ಪಥ್ಯವು ಮತ್ತೊಂದಕ್ಕಿಂತ ಮೇಲೆಂದು ಹೇಳಲು ಆಧಾರವಿಲ್ಲ. ಸಕ್ಕರೆಯನ್ನು ನಿಧಾನವಾಗಿ ರಕ್ತಕ್ಕೆ ಬಿಡುವ ಆಹಾರದ ಪರವಾಗಿ 2010ರಲ್ಲಿ ಸಿಡ್ನಿಯಿಂದ ಆಶಾದಾಯಕ ವರದಿಯೊಂದು ಬಂದಿತ್ತು: ತೂಕದ ಇಳಿತ ಸಮನಾಗಿದ್ದರೂ ಇಂಥ ಆಹಾರ ಸೇವಿಸಿದವರಲ್ಲಿ ಸೇಕಡ 95 ಮಂದಿಗೆ, ಸಾಮಾನ್ಯ ಪಥ್ಯದವರಲ್ಲಿ ಸೇಕಡ 63 ಮಂದಿಗೆ ಮುಟ್ಟಿನ ಕ್ರಮ ಸುಧಾರಿಸಿತು. ಆದರೆ ಸೇರಿದ 96 ಮಂದಿಯಲ್ಲಿ ಸುಮಾರು ಅರ್ಧದಷ್ಟು ಜನ ಕೊನೆಯವರೆಗೆ ಉಳಿಯಲಿಲ್ಲ. ಪಾಲಿಸಲಾಗುವ ಪಥ್ಯವೇ ಪಥ್ಯವೆಂಬುದು ಇದರಿಂದ ವೇದ್ಯ.

ನಮ್ಮವರು ಗಮನಿಸಬೇಕಾದ ಮತ್ತೊಂದು ಅಂಶವುಂಟು. ಪುಣೆಯ ಯಾಜ್ಞಿಕ್ ಮತ್ತು ಲಂಡನ್ನಿನ ಯುಡ್ಕಿನ್ ಎಂಬ ವೈದ್ಯರು 2004ರಲ್ಲಿ ತಮ್ಮ ದೇಹಗಳನ್ನೇ ಹೋಲಿಸಿ ಪ್ರಕಟಿಸಿದರು. ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ ಇಬ್ಬರಿಗೂ 22.3; ಮೇದಸ್ಸು ಮಾತ್ರ ಯುಡ್ಕಿನ್ನರಲ್ಲಿ ಸೇಕಡ 9.1, ಯಾಜ್ಞಿಕರಲ್ಲಿ 21.2. ತೆಳ್ಳಗೆ ಕಾಣುವ ನಮ್ಮ ಹುಡುಗಿಯೂ ಇನ್ಸುಲಿನ್ನಿನ ತೊಡಕಿಗೆ ಹೊರತಲ್ಲ. ಹಾಗೆಂದು ಅವಳನ್ನು ಉಪವಾಸ ಕೆಡವಬೇಕಾಗಿಲ್ಲ. ತಟ್ಟೆಯ ಅನ್ನ ಇಳಿದು ಕಾಳು, ಸೊಪ್ಪು, ಮಜ್ಜಿಗೆ ಏರಿದರೆ ಸಾಕಷ್ಟು ಕೆಲಸವಾಗುತ್ತದೆ. ಜೋಳದ ರೊಟ್ಟಿಯೊಡನೆ ಮೊಳಕೆ ಹೆಸರುಕಾಳಿನ ಪಲ್ಯ, ಮುದ್ದೆಯೊಡನೆ ಹುರುಳಿಯ ಬಸ್ಸಾರು ಒಳ್ಳೆಯ ಊಟಗಳೇ. ಆದರೆ ರಾಗಿಯ ಹೆಸರಿನಲ್ಲೇ ಮಹಿಮೆಯಿದೆಯೆಂದು ತಿಳಿಯಬಾರದು. ಧಾನ್ಯವನ್ನು ನುಣ್ಣಗೆ ಬೀಸಿ ಮೆತ್ತಗೆ ಬೇಯಿಸಿದಷ್ಟೂ ಅದರ ಪಿಷ್ಟ ಬೇಗ ಸಕ್ಕರೆಯಾಗುತ್ತದೆ. ಬೆಲ್ಲ ಹಾಕಿದ ರಾಗಿ ಗಂಜಿ ಇದಕ್ಕೆ ಹೊರತಲ್ಲ. ಇದರೊಡನೆ ವಾರಕ್ಕೆ 150 ನಿಮಿಷಗಳಿಗೆ ಕಡಿಮೆಯಿಲ್ಲದ ಬಿರುಸು ನಡಿಗೆ ಇರಬೇಕು.

ಹಾಗಾದರೆ ಅಂಗಮರ್ದನವನ್ನು ತ್ಯಜಿಸಬೇಕೆ? ಬೆನ್ನು ನೋವಿಗೆ, ನಿದ್ರೆಗೆ, ಈ ವ್ಯಾಧಿಯಲ್ಲಿ ಬಹುವಾಗಿ ಕಾಣುವ ಮನಸ್ಸಿನ ಕಳವಳಕ್ಕೆ ಅದು ನೆಮ್ಮದಿ ಕೊಡುವುದಾದರೆ ಆಕ್ಷೇಪವಿಲ್ಲ. ಕೇಡಿರುವುದು ಕಾಲಹರಣದಲ್ಲಿ. ಮುಟ್ಟಿಲ್ಲದೆ ತಿಂಗಳುಗಳು ಉರುಳಿದರೆ ಗರ್ಭಕೋಶದ ಒಳಪದರ ದಪ್ಪವಾಗುತ್ತಾ ಹೋಗುತ್ತದೆ. ಮುಂದೆ ಅಲ್ಲಿ ಕ್ಯಾನ್ಸರ್ ತಲೆದೋರುವ ಸಂಭವ ಹೆಚ್ಚು. ಮೂರು ತಿಂಗಳು ಮುಟ್ಟು ಬಾರದವಳು ವೈದ್ಯರನ್ನು ಕಾಣಬೇಕು, ರಕ್ತದ ಸಕ್ಕರೆಯನ್ನೂ ಪರೀಕ್ಷಿಸಿಕೊಳ್ಳಬೇಕು. ಮುಟ್ಟು ಅನಿಯತವಾಗಿರುವವಳಿಗೆ ಗರ್ಭ ನಿಂತದ್ದು ಎಷ್ಟೋ ದಿನ ತಿಳಿಯದೆ ಹೋಗಬಹುದು. ಆದ್ದರಿಂದ ವಿವಾಹಿತೆಯಾದವಳು ಕಿಬ್ಬೊಟ್ಟೆಯನ್ನು ಒತ್ತಿಸಿಕೊಳ್ಳುವ ಮುನ್ನ ಗರ್ಭಪರೀಕ್ಷೆ ಮಾಡಿಸಿಕೊಳ್ಳುವುದು ಅವಶ್ಯ.