ಲೀನಾ ಆಶ್‌ವೆಲ್: ರಂಗಭೂಮಿ, ಸಂಗೀತ ಮತ್ತು ಯೋಧರ ಪರವಾದ ಪ್ರಚಾರ

ರಂಗಭೂಮಿಯ ಚರಿತ್ರೆಯಲ್ಲಿ ನಾಟಕಕಾರರಿಗೂ ಮಹಾನಟರಿಗೂ ಸಲ್ಲುವ ಪುಟಗಳು ಹಲವು. ನಾಟಕವನ್ನು ಜನರಿರುವೆಡೆಗೆ ಹೊತ್ತು ನಡೆದವರಿಗೆ, ಅದಕ್ಕಾಗಿ ಮನೆಮನೆಯ ಬಾಗಿಲು ತಟ್ಟಿ ಹಣ ಕೂಡಿಸಿದವರಿಗೆ ದೊರೆಯುವುದು ಒಂದೆರಡು ಸಾಲು. ಇಂಗ್ಲೆಂಡಿನ ನಟಿ ಲೀನಾ ಆಶ್‌ವೆಲ್ (1872-1957) ಈ ಎರಡನೆಯ ವರ್ಗಕ್ಕೆ ಸೇರಿದವಳು. ಗಾಯನ, ಅಭಿನಯ, ಯುದ್ಧಕಾಲದ ಪ್ರಚಾರ, ಬಡಾವಣೆಗಳ ನಾಟಕ ಎಂದು ಆಕೆಯ ಬಾಳು ಹಲವು ಕವಲುಗಳಾಗಿ ಹರಿದಂತೆ ಮೇಲುನೋಟಕ್ಕೆ ತೋರುತ್ತದೆ. ಈ ಕವಲುಗಳನ್ನೆಲ್ಲ ಕೂಡಿಸುವ ಒಂದು ವಾದವಿತ್ತೆಂದೂ, ಆ ವಾದದ ಬಲವೇ ಕಡೆಗೆ ಅದರ ದೌರ್ಬಲ್ಯವಾಯಿತೆಂದೂ ತೋರಿಸುವುದು ಇಲ್ಲಿ ನಮ್ಮ ಉದ್ದೇಶ.

ಆಕೆ ಮೊದಲು ಬಯಸಿದ್ದು ಗಾಯಕಿಯಾಗಲು. ಲಂಡನಿನ ರಾಯಲ್ ಅಕಾಡೆಮಿ ಆಫ್ ಮ್ಯೂಸಿಕ್‌ನಲ್ಲಿ ಕಲಿಯುತ್ತಿದ್ದಾಗ ಪ್ರಸಿದ್ಧ ನಟಿ ಎಲೆನ್ ಟೆರಿಯ ಸಲಹೆಯಿಂದ ರಂಗಭೂಮಿಯ ಕಡೆ ತಿರುಗಿದಳು. 1895ರಲ್ಲಿ ಹೆನ್ರಿ ಅರ್ವಿಂಗನ ‘ಕಿಂಗ್ ಆರ್ಥರ್’ ಪ್ರಯೋಗದಲ್ಲಿ ಪಾತ್ರ ವಹಿಸಿದಳು. 1900ರ ‘ಮಿಸೆಸ್ ಡೇನ್ಸ್ ಡಿಫೆನ್ಸ್’ ನಾಟಕ ಆಕೆಗೆ ಕೀರ್ತಿ ತಂದಿತು. 1907ರಲ್ಲಿ ಕಿಂಗ್ಸ್‌ವೇ ಎಂಬ ನಾಟಕಶಾಲೆಯನ್ನು ತಾನೇ ವಹಿಸಿಕೊಂಡಳು. ಮರುವರ್ಷ ಅಲ್ಲಿ ಸಿಸಿಲಿ ಹ್ಯಾಮಿಲ್ಟನ್ ಬರೆದ, ಅಂಗಡಿಯಲ್ಲಿ ದುಡಿಯುವ ಹುಡುಗಿಯೊಬ್ಬಳ ಕಥೆಯುಳ್ಳ ‘ಡಯಾನ ಆಫ್ ಡಾಬ್ಸನ್ಸ್’ ರಂಗವೇರಿತು. ಸ್ತ್ರೀಯರ ಮತದಾನದ ಹಕ್ಕಿಗಾಗಿ ನಟಿಯರು ಕಟ್ಟಿದ ಸಂಘದಲ್ಲಿಯೂ ಆಕೆ ಮುಂದಾಳಾಗಿದ್ದಳು. ಸಭೆಗಳಲ್ಲಿ ಮಾತನಾಡುವುದನ್ನೂ ಪತ್ರಿಕೆಗಳ ಗಮನ ಸೆಳೆಯುವುದನ್ನೂ ಕಲಿಯಲು ಆ ಚಳವಳಿಗಿಂತ ಒಳ್ಳೆಯ ಪಾಠಶಾಲೆ ಬೇರೊಂದಿರಲಿಲ್ಲ.

1914ರಲ್ಲಿ ಮಹಾಯುದ್ಧ ಆರಂಭವಾದಾಗ ಸೈನಿಕರಿಗಾಗಿ ನಾಟಕ ಸಂಗೀತಗಳನ್ನು ಏರ್ಪಡಿಸಬೇಕೆಂಬ ಆಕೆಯ ಸೂಚನೆಯನ್ನು ಅಧಿಕಾರಿಗಳು ಗಣನೆಗೆ ತೆಗೆದುಕೊಳ್ಳಲಿಲ್ಲ. ಕಲೆ ಭೋಗವಸ್ತು, ಯುದ್ಧ ಗಂಭೀರವಾದ ಕೆಲಸ. ಇವೆರಡಕ್ಕೂ ಏನು ಸಂಬಂಧ? ಕಡೆಗೆ ದಾರಿ ತೆರೆದುದು ವೈ.ಎಂ.ಸಿ.ಎ.ಯ ಮಹಿಳಾ ಸಮಿತಿಯ ಮೂಲಕ. ಅದು ಒಡ್ಡಿದ ಕರಾರುಗಳಲ್ಲಿ ಒಂದು ವಿಶೇಷವಾಗಿ ಗಮನಾರ್ಹ: ಕಲಾವಿದರು ಈ ಸೇವೆಯನ್ನು ತಮ್ಮ ಸ್ವಂತ ಜಾಹೀರಾತಿಗೆ ಬಳಸಿಕೊಳ್ಳಕೂಡದು. ವೃತ್ತಿಯ ಜನರ ಮೇಲೆ ಎಷ್ಟು ಸಂಶಯವಿತ್ತೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

1915ರ ಫೆಬ್ರುವರಿಯಲ್ಲಿ ಮೊದಲ ತಂಡ ಫ್ರಾನ್ಸಿನ ಲ ಹಾವ್ರ್ ಬಂದರಿಗೆ ಹೋಯಿತು. ಇಬ್ಬರು ಗಾಯಕಿಯರು, ಇಬ್ಬರು ಗಾಯಕರು, ವಾದ್ಯಗಾರ, ವಿನೋದಗಾರ, ಪಿಯಾನೋ ನುಡಿಸುವವರು: ತಂಡದ ಸಾಮಾನ್ಯ ರಚನೆ ಇಷ್ಟೇ. ಹಗಲು ಆಸ್ಪತ್ರೆಗಳಲ್ಲಿ, ಸಂಜೆ ಶಿಬಿರಗಳಲ್ಲಿ ಕಚೇರಿ ನಡೆಯುತ್ತಿತ್ತು. ಗುಂಡು ಹಾರುವ ಮುಂಚೂಣಿಗೆ ಸ್ತ್ರೀಯರನ್ನು ಬಿಡುತ್ತಿರಲಿಲ್ಲವಾದ್ದರಿಂದ ಅಲ್ಲಿಗೆ ಗಂಡಸರದೇ ತಂಡಗಳು ಹೋಗುತ್ತಿದ್ದವು. ಮುಂದೆ ಮಾಲ್ಟಾ, ಈಜಿಪ್ಟ್, ಪ್ಯಾಲೆಸ್ಟೈನುಗಳಿಗೂ ಕಲಾವಿದರು ತೆರಳಿದರು. ಹಾಡಿನ ಜೊತೆಗೆ ನಾಟಕವೂ ಬಂದಿತು. ಅಬ್‌ವಿಲ್ ಪಟ್ಟಣದ ನಾಟಕ ತಂಡದಲ್ಲಿ ದುಡಿದ ಸಿಸಿಲಿ ಹ್ಯಾಮಿಲ್ಟನ್ ಅದಕ್ಕೆ ಮುಂಚೆ ರ್ವಾಯೋಮಾಂಟಿನ ಯುದ್ಧದ ಆಸ್ಪತ್ರೆಯಲ್ಲಿ ಕೆಲಸ ಮಾಡಿದ್ದವಳು.

ಇದಕ್ಕೆಲ್ಲ ಸರ್ಕಾರದ ಬೊಕ್ಕಸದಿಂದ ಹಣ ಬರುತ್ತಿರಲಿಲ್ಲ. ಆಶ್‌ವೆಲ್ ಊರೂರು ತಿರುಗಿ ಭಾಷಣ ಮಾಡಿ, ಪತ್ರಿಕೆಗಳಲ್ಲಿ ಮನವಿ ಬರೆದು ಚಂದಾ ಕೂಡಿಸಿದಳು. ಆಕೆಯ ಮನವಿಯ ಸಾರ ಹೀಗಿತ್ತು: ಗಾಯಗೊಂಡವನಿಗೆ ಸಂಗೀತ ಔಷಧ, ಬಳಲಿದವನಿಗೆ ಅದು ಅನ್ನ. ಈ ಮಾತು ಜನರ ಮನಸ್ಸನ್ನು ಮುಟ್ಟಿತು. ಆದರೆ ಇದರ ಇನ್ನೊಂದು ಮುಖವನ್ನು ನಾವು ಮರೆಯಲಾಗದು. ಔಷಧದಿಂದ ಚೇತರಿಸಿಕೊಂಡವನು ಮನೆಗೆ ಹೋಗುತ್ತಿರಲಿಲ್ಲ, ಬಹುಮಟ್ಟಿಗೆ ಮತ್ತೆ ಕಂದಕಕ್ಕೇ ಹೋಗುತ್ತಿದ್ದನು. ಸೈನಿಕನ ಮೇಲಿನ ಮರುಕಕ್ಕೂ ಸೈನ್ಯದ ಅಗತ್ಯಕ್ಕೂ ಒಂದೇ ಹಾಡು ಸಾಕಾಗಿದ್ದಿತು. ಚಂದಾ ಕೊಟ್ಟವರು ಇವೆರಡರಲ್ಲಿ ಯಾವುದಕ್ಕೆ ಕೊಟ್ಟರೆಂಬುದು ಯುದ್ಧ ಮುಗಿದ ಮೇಲೆ ತಿಳಿಯಿತು.

1918ರ ಕದನವಿರಾಮದ ನಂತರ ಆಕೆಯ ಮುಂದಿದ್ದ ಪ್ರಶ್ನೆ ಸರಳವಾದುದು. ಶಿಬಿರದಲ್ಲಿ ಮೊದಲ ಬಾರಿಗೆ ಒಳ್ಳೆಯ ನಾಟಕ ಕಂಡವನು ಊರಿಗೆ ಮರಳಿ ಬಂದಾಗ ಅವನಿಗೆ ಅದು ಎಲ್ಲಿ ದೊರೆಯಬೇಕು? ವೆಸ್ಟ್ ಎಂಡಿನ ಟಿಕೆಟ್ಟಿನ ಬೆಲೆ ಅವನ ಕೈಗೆ ನಿಲುಕುವುದಲ್ಲ. 1919ರಲ್ಲಿ ಆಕೆ ಕಟ್ಟಿದ, ಮುಂದೆ ‘ಲೀನಾ ಆಶ್‌ವೆಲ್ ಪ್ಲೇಯರ್ಸ್’ ಎಂದು ಹೆಸರಾದ ಮಂಡಳಿ ಈ ಪ್ರಶ್ನೆಗೆ ಉತ್ತರ. ನಮ್ಮ ಕಂಪನಿ ನಾಟಕಗಳವರು ಒಂದು ಊರಿನಲ್ಲಿ ತಿಂಗಳುಗಟ್ಟಲೆ ಕ್ಯಾಂಪು ಹಾಕುತ್ತಿದ್ದರಷ್ಟೆ. ಈ ಮಂಡಳಿಯ ಕ್ರಮ ಇದಕ್ಕೆ ವಿರುದ್ಧ. ಲಂಡನಿನ ಬೇರೆ ಬೇರೆ ಬಡಾವಣೆಗಳಲ್ಲಿ ದಿನಕ್ಕೊಂದು ಕಡೆಯಂತೆ ಒಂದೇ ನಾಟಕವನ್ನಾಡಿ, ಮರುವಾರ ಹೊಸ ನಾಟಕದೊಡನೆ ಅದೇ ಸುತ್ತನ್ನು ಹಿಡಿಯುತ್ತಿದ್ದರು. ರಂಗಸ್ಥಳವೆಂದರೆ ಟೌನ್‌ಹಾಲು, ಅದಿಲ್ಲದೆಡೆ, ಹಲಗೆ ಮುಚ್ಚಿದ ಸಾರ್ವಜನಿಕ ಈಜುಕೊಳ. ಅಂಥ ತಾಣಗಳಲ್ಲಿ ಷೇಕ್ಸ್‌ಪಿಯರ್, ಷಾ, ಗಾಲ್ಸ್‌ವರ್ದಿ ಇವರ ನಾಟಕಗಳು ನಡೆದುವು.

ಆದರೆ ಯುದ್ಧಕಾಲದ ದಾನಿಗಳು ಈಗ ಮೊದಲಿನಂತೆ ಕೈ ಬಿಚ್ಚಲಿಲ್ಲ. ಔಷಧವೆಂದು ಹೇಳಿ ಮಾರಿದುದನ್ನು ರೋಗ ನೀಗಿದ ಮೇಲೆ ಕೊಳ್ಳುವವರಾರು? ಕಲೆ ನಿತ್ಯಜೀವನದ ಅವಶ್ಯಕತೆಯೆಂದು ಆಕೆ ನಂಬಿದ್ದಳು, ಹೇಳುತ್ತಲೂ ಇದ್ದಳು. ಜನರು ಕೇಳಿಸಿಕೊಂಡುದು ಮಾತ್ರ ಯುದ್ಧದ ಅವಶ್ಯಕತೆಯೆಂದು. ವಿಪರ್ಯಾಸವೆಂದರೆ, ಯುದ್ಧದ ಖರ್ಚಿಗೆಂದು 1916ರಲ್ಲಿ ವಿಧಿಸಿದ ಮನರಂಜನೆ ತೆರಿಗೆ ಮಾತ್ರ ಶಾಂತಿಕಾಲದಲ್ಲಿಯೂ ನಿಲ್ಲಲಿಲ್ಲ. ಕೆಲವು ಪೌರಸಭೆಗಳ ಸಹಕಾರದಿಂದ ಮಂಡಳಿ ಹತ್ತು ವರ್ಷ ನಡೆದು 1929ರಲ್ಲಿ ಕೊನೆಗೊಂಡಿತು.

ಮುಂದಿನ ಬೆಳವಣಿಗೆ ನಮ್ಮ ವಾದಕ್ಕೆ ಪುಷ್ಟಿ ಕೊಡುತ್ತದೆ. ಕಲೆಗೆ ನೆರವು ನೀಡುವ ಮಂಡಲಿಯೊಂದು ಬ್ರಿಟನ್ನಿನಲ್ಲಿ ರೂಪುಗೊಂಡುದು 1940ರಲ್ಲಿ, ಅಂದರೆ ಮತ್ತೊಂದು ಯುದ್ಧದ ನಡುವೆ. ಬೇಗನೆ ಅದಕ್ಕೆ ಸರ್ಕಾರದ ಹಣವೂ ಬಂದಿತು. ಈ ಬಾರಿ ಯುದ್ಧ ಮುಗಿದರೂ ಅದು ಅಳಿಯದೆ 1946ರಲ್ಲಿ ಆರ್ಟ್ಸ್ ಕೌನ್ಸಿಲ್ ಆಯಿತು. ಪ್ರತಿ ಪೌಂಡಿಗೆ 6 ಪೆನ್ನಿಯವರೆಗಿನ ಸ್ಥಳೀಯ ಕರವನ್ನು ಮನರಂಜನೆಗಾಗಿ ವೆಚ್ಚಮಾಡಲು ಇಂಗ್ಲೆಂಡಿನ ಸ್ಥಳೀಯ ಸಂಸ್ಥೆಗಳಿಗೆ ಕಾನೂನು ಅಧಿಕಾರ ಕೊಟ್ಟುದು 1948ರಲ್ಲಿ. ಆ ವರ್ಷ ಲೀನಾ ಆಶ್‌ವೆಲ್‌ಗೆ 76 ವರ್ಷ ತುಂಬಿತು.