ಮೈಮೇಲಿನ ಪರಿಮಳ ಬದಲಾಗುವುದೇಕೆ?

ಗಂಡಸರಿಗೆಂದು ಮಾರುವ ಸುಗಂಧಗಳಲ್ಲಿ ಒಂದು ಹಳೆಯ ಮನೆತನವಿದೆ. ಪ್ಯಾರಿಸಿನ ಊಬಿಗಾಂ ಸಂಸ್ಥೆ 1882ರಲ್ಲಿ ಹೊರತಂದ ‘ಫೂಜೇರ್ ರೊಯಾಲ್’ ಅದರ ಮೂಲಪುರುಷ. ಫೂಜೇರ್ ಎಂದರೆ ಜರೀಗಿಡ. (ಬಹುಪಾಲು ಜರೀಗಿಡಗಳಿಗೆ ಹೇಳಿಕೊಳ್ಳುವಂಥ ವಾಸನೆಯೇ ಇಲ್ಲ ಎಂಬುದು ಬೇರೆ ಮಾತು!) ಸಿಟ್ರಸ್ ಹಣ್ಣಿನ ಸಿಪ್ಪೆಯ ಎಣ್ಣೆ, ಲ್ಯಾವೆಂಡರ್ ಎಣ್ಣೆ ಮತ್ತು ಒಣಹುಲ್ಲಿನ ವಾಸನೆಯ ಕೂಮರಿನ್ ಇದರ ಮುಖ್ಯ ಘಟಕಗಳು. ಕೂಮರಿನ್ನನ್ನು 1868ರಲ್ಲಿ ಪ್ರಯೋಗಾಲಯದಲ್ಲಿ ಸಂಶ್ಲೇಷಿಸಿದವನು ಕೃತಕ ಬಣ್ಣಗಳಿಂದ ಹೆಸರಾದ ಪರ್ಕಿನ್. ಲವಂಗದಂಥ ಸಂಬಾರ ಸೇರಿಸಿದರೆ ಘಾಟು ಬರುತ್ತದೆ.

ಇಂಥ ಸುಗಂಧವನ್ನು ಮೈಗೆ ಸಿಂಪಡಿಸಿಕೊಂಡಾಗ ಮೊದಲು ಆಲ್ಕೊಹಾಲ್ ಹಾರಿಹೋಗುತ್ತದೆ. ಅನಂತರ ಮೂಗಿಗೆ ಎದ್ದು ಕಾಣುವುದು ಸಿಟ್ರಸ್. ಆಮೇಲೆ ಲ್ಯಾವೆಂಡರ್, ಲವಂಗ. ಸಂಜೆಗೆ ಉಳಿಯುವುದು ಕೂಮರಿನ್. ಹಗುರ ಅಣುಗಳು ಮೊದಲು, ಭಾರದವು ಕೊನೆಗೆ ಎಂದು ಇದನ್ನು ವಿವರಿಸುವುದುಂಟು. ಅಂಕಿಗಳನ್ನು ನೋಡಿ. ಸಿಟ್ರಸ್ ಎಣ್ಣೆಯ ಲಿಮೊನಿನ್‌ನ ಅಣುತೂಕ 136, ಕುದಿಬಿಂದು 176° ಸೆ. ಲ್ಯಾವೆಂಡರಿನ ಲಿನಲೂಲ್ 154, ಕುದಿಬಿಂದು 198°. ಇಲ್ಲಿಯವರೆಗೆ ಸರಿ. ಆದರೆ ಕೂಮರಿನ್‌ನ ಅಣುತೂಕ 146 ಮಾತ್ರ. ಕುದಿಬಿಂದುವೋ ಸುಮಾರು 300°! ಲವಂಗದ ಯೂಜೆನಾಲ್ (164) ಲ್ಯಾವೆಂಡರಿನದೇ ಇನ್ನೊಂದು ಘಟಕವಾದ ಲಿನಲೈಲ್ ಅಸಿಟೇಟ್‌ಗಿಂತ (196) ಹಗುರ. ಆದರೂ ನಿಧಾನವಾಗಿ ಆವಿಯಾಗುತ್ತದೆ.

ಕಾರಣ, ಅಣುಗಳ ನಡುವಿನ ಸೆಳೆತ. ಲಿಮೊನಿನ್ ಬರಿಯ ಹೈಡ್ರೊಕಾರ್ಬನ್. ಅದರ ಅಣುಗಳ ಪರಸ್ಪರ ಹಿಡಿತ ದುರ್ಬಲ. ಲಿನಲೂಲ್, ಯೂಜೆನಾಲ್‌ಗಳಲ್ಲಿ ಹೈಡ್ರಾಕ್ಸಿಲ್ ಗುಂಪಿದೆ. ಹೈಡ್ರೊಜನ್ ಬಂಧ ಸಾಧ್ಯ. ಕೂಮರಿನ್ ಚಪ್ಪಟೆಯಾದ, ಧ್ರುವೀಯ ಅಣು. ಅದರ ಅಣುಗಳು ಒತ್ತಾಗಿ ಸೇರುವುದರಿಂದ ಕೋಣೆಯ ಉಷ್ಣತೆಯಲ್ಲಿ ಅದು ಘನವಸ್ತು.

ಸುಮಾರು 32° ಉಷ್ಣತೆಯ ಚರ್ಮದ ಮೇಲೆ ಇವು ಯಾವುವೂ ಕುದಿಯುವುದಿಲ್ಲ, ನಿಜ. ಲೆಕ್ಕಕ್ಕೆ ಬರುವುದು ಆವಿ ಒತ್ತಡ. ಲಿನಲೂಲ್‌ನ ಆವಿ ಒತ್ತಡ ಲಿಮೊನಿನ್‌ನದರ ಹತ್ತನೇ ಒಂದರಷ್ಟು. ಹಾಗೆಂದು ಒಂದು ಮುಗಿದ ಮೇಲೆ ಇನ್ನೊಂದು ಹೊರಡುತ್ತದೆಂದು ತಿಳಿಯಬಾರದು. ಮೊದಲ ಕ್ಷಣದಿಂದಲೇ ಎಲ್ಲವೂ ಹೊರಡುತ್ತಿರುತ್ತವೆ. ಲಿಮೊನಿನ್ ಬೇಗ ಕರಗಿದಂತೆ ಮಿಶ್ರಣದಲ್ಲಿ ಉಳಿದವುಗಳ ಪಾಲು ಏರುತ್ತದೆ; ಪಾಲು ಏರಿದಂತೆ ಅವುಗಳ ಆವಿ ಒತ್ತಡವೂ ಏರುತ್ತದೆ. ಕಾಲೇಜಿನಲ್ಲಿ ಕಲಿಯುವ ರೌಲ್ಟ್‌ನ ನಿಯಮವೇ ಇದು. ಜಿಡ್ಡಿನ ಚರ್ಮದಲ್ಲಿ ಈ ತೈಲಪ್ರಿಯ ಅಣುಗಳು ಇನ್ನಷ್ಟು ಹೊತ್ತು ನಿಲ್ಲಬಲ್ಲವು.

ಒಂದು ಎಚ್ಚರಿಕೆ. ಬರ್ಗಮೋಟ್ ಎಂಬ ಸಿಟ್ರಸ್ ಹಣ್ಣಿನ ಸಂಸ್ಕರಿಸದ ಎಣ್ಣೆಯಲ್ಲಿ ಬರ್ಗಾಪ್ಟೆನ್ ಇರುತ್ತದೆ. ಅದು ಬಿಸಿಲಿನ ಅತಿನೇರಳೆ ಕಿರಣಗಳೊಡನೆ ಸೇರಿ ಚರ್ಮವನ್ನು ಸುಟ್ಟು ಕಪ್ಪು ಕಲೆ ಉಳಿಸಬಲ್ಲದು. ಹಳತಾಗಿ ಗಾಳಿಯೊಡನೆ ಉತ್ಕರ್ಷಿಸಿದ ಲಿಮೊನಿನ್, ಲಿನಲೂಲ್‌ಗಳೂ ಕೆಲವರಿಗೆ ಅಲರ್ಜಿ ತರುತ್ತವೆ. ಆದ್ದರಿಂದ ತರಗತಿಯ ಪ್ರಯೋಗ ಕಾಗದದ ಮೇಲಿರಲಿ. ಮೂರು ಫಿಲ್ಟರ್ ಕಾಗದದ ಪಟ್ಟಿಗಳಲ್ಲಿ ಒಂದಕ್ಕೆ ಕಿತ್ತಳೆ ಸಿಪ್ಪೆಯನ್ನು ಹಿಂಡಿ, ಇನ್ನೊಂದಕ್ಕೆ ಲವಂಗದ ಎಣ್ಣೆ ಸೋಕಿಸಿ, ಮೂರನೆಯದಕ್ಕೆ ಎರಡನ್ನೂ ಹಾಕಿ. ಅರ್ಧ ಗಂಟೆಗೊಮ್ಮೆ ಮೂಸಿ ಬರೆದಿಡಿ. ಮೂಸುವವರು ಪ್ರತಿಸಲ ಹೊರಗಿನಿಂದ ಬರಲಿ. ಅಲ್ಲೇ ಕುಳಿತವರ ಮೂಗು ಆ ವಾಸನೆಗೆ ಬೇಗ ಒಗ್ಗಿಹೋಗಿರುತ್ತದೆ.