ಅನ್ಯಲೋಕದ ದಂಡಯಾತ್ರೆ: ಒಂದು ಬಗೆಯ ಚಲನಚಿತ್ರದ ವಿಚಾರ

ಈ ಸ್ಮರಣ ಸಂಪುಟಕ್ಕೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ಕೇಳಿದಾಗ, ಹಳಗನ್ನಡ ಕಾವ್ಯವೊಂದರ ರಸವಿಚಾರವನ್ನು ಬರೆಯುವೆನೆಂದು ಅವರೂ ಎಣಿಸಿದ್ದರು, ನಾನೂ ಎಣಿಸಿದ್ದೆನು. ಆದರೆ ವಿದ್ಯಾರ್ಥಿಯೊಬ್ಬನ ಋಣವು ನನ್ನ ಮೇಲೆ ಉಳಿದಿತ್ತು. ಅದನ್ನು ಈ ಪುಟಗಳಲ್ಲಿಯೇ ತೀರಿಸುವುದು ಉಚಿತವೆಂದು ತೋರಿದ್ದರಿಂದ ವಿಷಯವನ್ನು ಬದಲಿಸಿದ್ದೇನೆ. ವಾಚಕರು ಮನ್ನಿಸಬೇಕು.

ಒಮ್ಮೆ ಒಂಬತ್ತನೆಯ ತರಗತಿಗೆ ‘ನಾನು ಮೆಚ್ಚಿದ ಕಥೆ’ ಎಂಬ ಪ್ರಬಂಧವನ್ನು ಕೊಟ್ಟಿದ್ದೆನು. ಇಳಕಲ್ಲಿನ ನೇಕಾರರ ಮನೆಯ ಹುಡುಗನೊಬ್ಬನು, ಬೇರೊಂದು ಲೋಕದ ಜೀವಿಗಳು ಭೂಮಿಗೆ ದಾಳಿಯಿಡುವ ಇಂಗ್ಲಿಷ್ ಚಲನಚಿತ್ರವೊಂದರ ಕಥೆಯನ್ನು ನಾಲ್ಕು ಪುಟ ಬರೆದಿದ್ದನು. ನಾನು ಕೆಂಪು ಮಸಿಯಿಂದ ‘ಅಸಂಬದ್ಧ’ವೆಂದು ಬರೆದು ಹತ್ತಕ್ಕೆ ಎರಡು ಅಂಕಗಳನ್ನು ಹಾಕಿದೆನು. ಮರುದಿನ ಅವನು ಬಂದು, “ಗುರುಗಳ, ತಾರಕಾಸುರನ ಮಕ್ಕಳ ಮೂರು ಪಟ್ಟಣ ಆಕಾಶದಾಗ ಹಾರ್‍ತಿದ್ದುವು ಅಂತ ನೀವ ಹೇಳಿದ್ರಿ. ಅದು ಖರೇ ಆದ್ರ ಇದು ಹ್ಯಾಂಗ ಅಸಂಬದ್ಧ ಆತ್ರಿ?” ಎಂದು ಕೇಳಿದನು. ಪ್ರಶ್ನೆಯಲ್ಲಿ ಉದ್ಧಟತನವಿರಲಿಲ್ಲ; ನನ್ನಲ್ಲಿ ಉತ್ತರವಿರಲಿಲ್ಲ. ಆ ರವಿವಾರ ಮನೆಯಲ್ಲಿ ಮಗನಿಂದ ಆ ಚಿತ್ರವನ್ನು ಹಾಕಿಸಿಕೊಂಡು ನೋಡಿದೆನು.

ಅದು 1996ರಲ್ಲಿ ತೆರೆಕಂಡ ‘ಇಂಡಿಪೆಂಡೆನ್ಸ್ ಡೇ’. ಪಟ್ಟಣಗಳನ್ನೇ ಮುಚ್ಚುವಷ್ಟು ದೊಡ್ಡ ಯಾನಗಳು ಆಕಾಶದಲ್ಲಿ ಬಂದು ನಿಲ್ಲುತ್ತವೆ. ಒಂದೇ ಹೊಡೆತಕ್ಕೆ ಮಹಾನಗರಗಳು ಬೂದಿಯಾಗುತ್ತವೆ. ಮನುಷ್ಯರ ಅಸ್ತ್ರಗಳೊಂದೂ ಅವುಗಳಿಗೆ ತಾಗುವುದಿಲ್ಲ. ಕೊನೆಗೆ ಗಣಕಯಂತ್ರವನ್ನು ಕೆಡಿಸುವ ಉಪಾಯವೊಂದರಿಂದ ಅವುಗಳ ರಕ್ಷಾಕವಚವು ಕಳಚುತ್ತದೆ. ಅಮೇರಿಕೆಯ ಸ್ವಾತಂತ್ರ್ಯದಿನವಾದ ಜುಲೈ 4ರಂದು ಜಯವಾಗುತ್ತದೆ. ಈ ಜಾತಿಯ ಚಿತ್ರಗಳಿಗೆಲ್ಲ ಇದೇ ಚೌಕಟ್ಟು: ಆಗಮನ, ಸಂಹಾರ, ನಿಸ್ಸಹಾಯಕತೆ, ಶತ್ರುವಿನ ಮರ್ಮದ ಶೋಧ, ವಿಜಯ. ಭಯಾನಕ, ಅದ್ಭುತ, ರೌದ್ರಗಳು ವೀರಕ್ಕೆ ಅಂಗಗಳಾಗಿ ಬರುತ್ತವೆ. ನೋಡುವಾಗ ನಾನೂ ಕುರ್ಚಿಯ ಅಂಚಿಗೆ ಬಂದು ಕುಳಿತಿದ್ದೆನೆಂಬುದನ್ನು ಮುಚ್ಚಿಡಲಾರೆ.

ಈ ಕಥಾಪ್ರಕಾರದ ಮೂಲವು ಆಂಗ್ಲ ಲೇಖಕ ಎಚ್. ಜಿ. ವೆಲ್ಸ್‌ನ ‘ದಿ ವಾರ್ ಆಫ್ ದಿ ವರ್ಲ್ಡ್ಸ್’ ಕಾದಂಬರಿ. 1897ರಲ್ಲಿ ಮಾಸಪತ್ರಿಕೆಯೊಂದರಲ್ಲಿ ಧಾರಾವಾಹಿಯಾಗಿ ಬಂದು 1898ರಲ್ಲಿ ಪುಸ್ತಕವಾಯಿತು. ಮಂಗಳಗ್ರಹದವರು ಮೂರು ಕಾಲಿನ ಯಂತ್ರಗಳನ್ನೇರಿ ಬಂದು ಉರಿಯ ಕಿರಣದಿಂದಲೂ ಕಪ್ಪು ವಿಷಧೂಮದಿಂದಲೂ ಇಂಗ್ಲೆಂಡನ್ನು ಹಾಳುಗೆಡವುತ್ತಾರೆ. ಅವರನ್ನು ಕೊಲ್ಲುವುದು ಸೈನ್ಯವಲ್ಲ. ಕಣ್ಣಿಗೆ ಕಾಣದ ರೋಗಾಣುಗಳು. ವೆಲ್ಸ್ ಇದನ್ನು ಬರೆದಾಗ ಅವನ ದೇಶವು ಜಗತ್ತಿನ ಅತಿದೊಡ್ಡ ಸಾಮ್ರಾಜ್ಯದ ಒಡೆತನದಲ್ಲಿತ್ತು. ಐರೋಪ್ಯರು ಟಾಸ್ಮೇನಿಯಾ ದ್ವೀಪದ ಮೂಲನಿವಾಸಿಗಳ ಮೇಲೆ ಎಸಗಿದ ಸಂಹಾರವನ್ನು ಅವನು ಮೊದಲನೆಯ ಅಧ್ಯಾಯದಲ್ಲಿಯೇ ನೆನೆಯುತ್ತಾನೆ. ಮಂಗಳನವರು ಅದೇ ಬುದ್ಧಿಯಿಂದ ನಮ್ಮ ಮೇಲೆ ಬಂದರೆ ಅವರನ್ನು ದೂರಲು ನಮಗೆ ಯಾವ ಮುಖವಿದೆಯೆಂಬ ಭಾವವನ್ನು ಮುಂದಿಡುತ್ತಾನೆ. ಆ ಕಾದಂಬರಿಯು ಗೆದ್ದವರ ಮುಂದೆ ಹಿಡಿದ ಕನ್ನಡಿ.

ಅದೇ ಕಥೆಯು 1953ರಲ್ಲಿಯೂ 2005ರಲ್ಲಿಯೂ ಅಮೇರಿಕೆಯಲ್ಲಿ ಚಲನಚಿತ್ರವಾಯಿತು. 2011ರ ‘ಬ್ಯಾಟಲ್: ಲಾಸ್ ಏಂಜಲೀಸ್’ ಚಿತ್ರದಲ್ಲಿ ಆಕ್ರಮಣಕಾರರು ಭೂಮಿಯ ನೀರಿಗಾಗಿ ಬರುತ್ತಾರೆ. ನಮ್ಮ ದೇಶದಲ್ಲಿ ಈ ವಸ್ತುವು ಬೇರೊಂದು ದಾರಿ ಹಿಡಿದುದೂ ಉಂಟು. ಸತ್ಯಜಿತ್ ರಾಯರು 1967ರಲ್ಲಿ ಬರೆದ, ಚಿತ್ರವಾಗದೆ ಉಳಿದ ‘ದಿ ಏಲಿಯನ್’ ಚಿತ್ರಕಥೆಯಲ್ಲಿ ಬಂಗಾಲದ ಹಳ್ಳಿಯೊಂದರ ಕೊಳಕ್ಕೆ ಬಂದಿಳಿಯುವ ಜೀವಿಯು ಶತ್ರುವಲ್ಲ. ಕನ್ನಡದಲ್ಲಿಯೂ 2023ರಲ್ಲಿ ಅನಂತನಾಗ್ ಅವರು ನಟಿಸಿದ ‘ಮಂಡಲ’ವು ಅನ್ಯಲೋಕದ ಹಾರುವ ಯಾನವನ್ನೇ ವಸ್ತುವಾಗಿ ಇಟ್ಟುಕೊಂಡಿತು.

ಇನ್ನು ಹುಡುಗನ ಪ್ರಶ್ನೆಗೆ ಬರೋಣ. ಆಕಾಶದಲ್ಲಿ ಪಟ್ಟಣ ಹಾರುವುದು ಪುರಾಣದಲ್ಲಿ ಸಂಬದ್ಧವಾದರೆ ಚಿತ್ರದಲ್ಲಿಯೂ ಸಂಬದ್ಧವೇ. ಅದರಲ್ಲಿ ನಾನು ಸೋತೆನು. ಆದರೆ ಎರಡಕ್ಕೂ ಒಂದು ಮುಖ್ಯ ಭೇದವಿದೆ. ತ್ರಿಪುರದ ಅಸುರರಿಗೆ ಹೆಸರುಗಳಿವೆ, ತಂದೆಯಿದ್ದಾನೆ, ತಪಸ್ಸಿದೆ, ಪಡೆದ ವರವಿದೆ. ಶತ್ರುವಿನ ವಂಶ, ಪರಾಕ್ರಮ, ವಿದ್ಯೆಗಳನ್ನು ವರ್ಣಿಸಿ, ಅಂಥವನನ್ನು ಗೆದ್ದನೆಂದು ಹೇಳಿದಾಗಲೇ ನಾಯಕನ ಹಿರಿಮೆ ಹೆಚ್ಚುವುದೆಂಬುದು ‘ಕಾವ್ಯಾದರ್ಶ’ದಲ್ಲಿ ದಂಡಿಯ ಮತ. ಇದಕ್ಕೆ ಉದಾಹರಣೆಯನ್ನು ದೂರ ಹುಡುಕಬೇಕಾಗಿಲ್ಲ. ನಮ್ಮ ಮುಧೋಳದವನೇ ಆದ ರನ್ನನು ಹತ್ತನೆಯ ಶತಮಾನದಲ್ಲಿ ‘ಗದಾಯುದ್ಧ’ವನ್ನು ಭೀಮನ ಜಯಕ್ಕಾಗಿ ಬರೆದನು. ಆದರೂ ರಣಭೂಮಿಯಲ್ಲಿ ಬಂಧುಮಿತ್ರರ ಶವಗಳ ನಡುವೆ ನಡೆಯುವ ದುರ್ಯೋಧನನಿಗಾಗಿ ನಾವು ಮರುಗುತ್ತೇವೆ. ವೈರಿಯ ಮಗನಾದ ಅಭಿಮನ್ಯುವಿನ ಮುಂದೆ ನಿಂತು ಆ ದುರ್ಯೋಧನನು ಅವನ ಶೌರ್ಯವನ್ನು ಮೆಚ್ಚುತ್ತಾನೆ.

ಈ ಬಗೆಯ ಚಿತ್ರಗಳಲ್ಲಿ ಆಕ್ರಮಣಕಾರನಿಗೆ ಇದಾವುದೂ ಇಲ್ಲ. ನಾನು ನೋಡಿದ ಚಿತ್ರದಲ್ಲಿ, ನಾವೇನು ಮಾಡಬೇಕೆಂದು ರಾಷ್ಟ್ರಾಧ್ಯಕ್ಷನು ಸೆರೆಸಿಕ್ಕ ಜೀವಿಯನ್ನು ಕೇಳಿದಾಗ, ಸಾಯಬೇಕೆಂಬುದೊಂದೇ ಅದರ ಉತ್ತರ. ವಂಶವಿಲ್ಲ, ದುಃಖವಿಲ್ಲ, ಆದುದರಿಂದ ಎಷ್ಟು ಕೊಂದರೂ ಪಾಪವಿಲ್ಲ. ನಮ್ಮ ಆನಂದವು ನಿಷ್ಕಂಟಕವಾಗುವುದು ಇದರಿಂದಲೇ. ವೆಲ್ಸನು ಹಿಡಿದ ಕನ್ನಡಿಯೂ ಇಲ್ಲಿ ಮರೆಯಾಗಿದೆ: ಬಲಾಢ್ಯ ರಾಷ್ಟ್ರವೇ ಪೀಡಿತನ ವೇಷವನ್ನು ಧರಿಸಿ, ತಾನೇ ಗೆದ್ದು ಹೊರಬರುತ್ತದೆ.

ಮೇಲಾದ ಆಯುಧಗಳೊಡನೆ ಬಂದವರ ಎದುರಿಗೆ ನಿಲ್ಲುವುದೆಂದರೇನೆಂಬುದನ್ನು ನಮ್ಮ ಸೀಮೆಯವರು ತೆರೆಯ ಮೇಲೆ ನೋಡಿ ಕಲಿಯಬೇಕಾಗಿಲ್ಲ. ರನ್ನನ ಮುಧೋಳಕ್ಕೆ ಸೇರಿದ ಹಲಗಲಿಯಲ್ಲಿ 1857ರಲ್ಲಿ ಅದು ನಡೆದುಹೋಗಿದೆ. ಜನರು ಆಯುಧಗಳನ್ನು ಒಪ್ಪಿಸಬೇಕೆಂಬ ಆಂಗ್ಲ ಸರಕಾರದ ಕಾಯಿದೆಯನ್ನು ಬೇಡರು ತಿರಸ್ಕರಿಸಿದರು. ನವೆಂಬರ್ ತಿಂಗಳ ಕೊನೆಗೆ ದಂಡು ಬಂದಿತು, ಊರಿಗೆ ಬೆಂಕಿಬಿದ್ದಿತು, ಸೆರೆಸಿಕ್ಕವರಲ್ಲಿ ಹಲವರು ಗಲ್ಲಿಗೇರಿದರು. ಅಲ್ಲಿ ಶತ್ರುವಿನ ಮರ್ಮವು ಯಾರಿಗೂ ಸಿಗಲಿಲ್ಲ, ರೋಗಾಣುಗಳೂ ನೆರವಿಗೆ ಬರಲಿಲ್ಲ. ಉಳಿದುದು ಒಂದು ಲಾವಣಿ. ಅದನ್ನು ಸಂಗ್ರಹಿಸಿ ಅಚ್ಚು ಹಾಕಿಸಿದವನು ಯಾರು? ಅದೇ ಆಂಗ್ಲ ಸರಕಾರದ ಅಧಿಕಾರಿಯಾಗಿದ್ದ ಜೆ. ಎಫ್. ಫ್ಲೀಟ್. ಬಾದಾಮಿ, ಐಹೊಳೆಗಳ ಶಾಸನಗಳನ್ನು ಓದಿ ಪ್ರಕಟಿಸಿದವನೂ ಆತನೇ. ದಂಡನ್ನು ಕಳಿಸಿದವರ ಕಡೆಯಲ್ಲಿಯೇ, ಸೋತವರ ಹಾಡಿಗೆ ಕಿವಿಗೊಟ್ಟವನೊಬ್ಬನಿದ್ದನು. ಚಿತ್ರದ ಅನ್ಯಲೋಕದವರಲ್ಲಿ ಇಂಥವನೊಬ್ಬನನ್ನು ಕಾಣಲಾರೆವು.

ಇನ್ನೊಂದು ಮಾತು. ನಾವು ದಾಳಿಗೆ ಒಳಗಾದವರು ಮಾತ್ರವಲ್ಲ, ದಾಳಿ ಮಾಡಿದವರೂ ಅಹುದು. 642ರಲ್ಲಿ ಪಲ್ಲವ ನರಸಿಂಹವರ್ಮನು ಬಾದಾಮಿಯನ್ನು ಗೆದ್ದು, ಇಲ್ಲಿಯ ಬಂಡೆಯ ಮೇಲೆಯೇ ಶಾಸನವನ್ನು ಕೆತ್ತಿಸಿದನು. ಸುಮಾರು ನೂರು ವರ್ಷಗಳ ತರುವಾಯ ಚಾಲುಕ್ಯ ಎರಡನೆಯ ವಿಕ್ರಮಾದಿತ್ಯನು ಕಂಚಿಯನ್ನು ಗೆದ್ದನು. ಸೇಡು ತೀರಿಸಲು ಅದೇ ತಕ್ಕ ಸಮಯವಾಗಿತ್ತು. ಆದರೆ ಅವನು ಕಂಚಿಯನ್ನು ಹಾಳುಮಾಡದೆ, ರಾಜಸಿಂಹೇಶ್ವರ ದೇಗುಲದ ಸಂಪತ್ತನ್ನು ನೋಡಿ ಅದನ್ನು ದೇವರಿಗೇ ಮರಳಿ ಬಿಟ್ಟುಕೊಟ್ಟನೆಂದು ಆ ದೇಗುಲದಲ್ಲಿರುವ ಕನ್ನಡ ಶಾಸನವೇ ಸಾರುತ್ತದೆ. ಆ ವಿಜಯದ ನೆನಪಿಗಾಗಿ ರಾಣಿ ಲೋಕಮಹಾದೇವಿಯು ಕಟ್ಟಿಸಿದ ದೇಗುಲವು ಪಟ್ಟದಕಲ್ಲಿನಲ್ಲಿ ಇಂದಿಗೂ ನಿಂತಿದೆ. ಶತ್ರುವಿಗೂ ದೇವರಿದ್ದಾನೆ, ಮನೆಯಿದೆ ಎಂದು ತಿಳಿದವನಿಗೆ ಮಾತ್ರ ಹೀಗೆ ಕೈ ತಡೆಯಲು ಸಾಧ್ಯ.

ಉಪಾಧ್ಯಾಯ ಬಂಧುಗಳಲ್ಲಿ ನನ್ನ ವಿಜ್ಞಾಪನೆಯಿಷ್ಟೆ. ಮಕ್ಕಳು ಈ ಚಿತ್ರಗಳನ್ನು ನೋಡದಿರಲಿ ಎಂದು ನಾವು ಹೇಳಿದರೆ ಅದು ನಡೆಯುವ ಮಾತಲ್ಲ. ನಾನೇ ನೋಡಿ ಸಂತೋಷಪಟ್ಟಮೇಲೆ ಹಾಗೆ ಹೇಳುವ ಅಧಿಕಾರವೂ ನನಗಿಲ್ಲ. ನೋಡಿ ಬಂದವರನ್ನು ಒಂದು ಪ್ರಶ್ನೆ ಕೇಳೋಣ: ಬಂದವರು ಯಾರು, ಅವರ ಊರಿನಲ್ಲಿ ಏನಾಗಿತ್ತು, ಅವರ ಕಡೆಯವನೊಬ್ಬನು ಈ ಕಥೆಯನ್ನು ಹೇಗೆ ಹೇಳಿಯಾನು? ಮುಖವಿಲ್ಲದ ಶತ್ರುವನ್ನು ಕೊಂದು ನಲಿಯುವ ರೂಢಿಯು ತೆರೆಯ ಮೇಲೆಯೇ ಉಳಿದರೆ ಕೇಡಿಲ್ಲ; ಅದು ಓಣಿಗೆ ಇಳಿದು, ಪಕ್ಕದ ಮನೆಯವನ ಮುಖವೂ ಕಾಣದಂತಾದರೆ ನಾವು ಕಲಿಸಿದ ರನ್ನನೂ ವ್ಯರ್ಥ.

ಆ ಹುಡುಗನನ್ನು ಕರೆದು ಈ ಪ್ರಶ್ನೆಯನ್ನೇ ಕೇಳಿದೆನು. ಅವನು ಒಂದು ವಾರ ತೆಗೆದುಕೊಂಡು, ಸತ್ತ ಅನ್ಯಲೋಕದವನ ತಾಯಿಯು ಹೇಳಿದಂತೆ ಕಥೆಯನ್ನು ಮತ್ತೆ ಬರೆದು ತಂದನು. ಕಾಗುಣಿತದ ತಪ್ಪುಗಳು ಹನ್ನೊಂದಿದ್ದುವು. ಕೆಂಪು ಮಸಿಯ ಹಳೆಯ ಮಾತನ್ನು ಅವನ ಎದುರಿನಲ್ಲಿಯೇ ಹೊಡೆದುಹಾಕಿ, ಹತ್ತಕ್ಕೆ ಎಂಟು ಅಂಕಗಳನ್ನು ಕೊಟ್ಟೆನು.